ಖಾಸಿಂಬಿಯ ಹಿತ್ತಲಿಗೆ ನೀರು

ಇಸ್ತ್ರಿಯಂಗಡಿಯಿಂದ ಬಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆ. ಕಚೇರಿಗೆ ಹೊತ್ತಾಗಿತ್ತು, ಒಂದು ಕಾಲು ಆಗಲೇ ಚಪ್ಪಲಿಯಲ್ಲಿತ್ತು. ಕಾಲರಿನಿಂದ ಗಂಜಿಯ ಹುಳಿವಾಸನೆ ಬಂತು. ಅಷ್ಟಕ್ಕೇ ನಾನು ನಾರಾಯಣಪೇಟೆಯಲ್ಲಿದ್ದೆ, ದೊಡ್ಡವ್ವನ ಮನೆಯ ಮುಂದೆ.

ನೇಕಾರರ ಓಣಿಯನ್ನು ನೀವು ನೋಡಿರದಿದ್ದರೆ ಒಂದು ಮಾತು ಹೇಳಬೇಕು. ಮಗ್ಗಕ್ಕೇರಿಸುವ ಮೊದಲು ಹಾಸಿನ ಎಳೆಗಳನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡುತ್ತಾರೆ. ಬಿಸಿಲೇರುವುದರೊಳಗೆ ಮುಗಿಯಬೇಕು, ತಡವಾದರೆ ಎಳೆಗೆ ಎಳೆ ಅಂಟಿ ಹಾಸು ಕೆಡುತ್ತದೆ. ದೊಡ್ಡಪ್ಪ ಒಂದು ತುದಿಗೆ, ದೊಡ್ಡವ್ವ ಇನ್ನೊಂದಕ್ಕೆ. ಆಮೇಲೆ ರೊಟ್ಟಿ, ಆಮೇಲೆ ದಿನವಿಡೀ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವುದು. ಇದರ ಸಂದಿಯಲ್ಲೇ ಹಿತ್ತಲಿನ ಮೆಂತ್ಯ, ಬದನೆ, ಹೀರೆಬಳ್ಳಿ. ಬೇಳೆ ಬೇಯುವಷ್ಟರಲ್ಲಿ ದೊಡ್ಡವ್ವ ಒಂದು ಸಾಲಿನ ಕಳೆ ಕಿತ್ತು ಬರುತ್ತಿದ್ದಳು.

ನಾನಾಗ ಮೆಟ್ರಿಕ್ ಮುಗಿಸಿ, ಹೈದರಾಬಾದಿಗೆ ಹೋಗಿ ಪತ್ರಿಕೆ ಸೇರುವ ಆಸೆಯಲ್ಲಿ ಅಲ್ಲಿ ಸಿಕ್ಕಿಕೊಂಡಿದ್ದೆ. ನಿಜಾಮನ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಆಗಷ್ಟೇ ಮುಗಿದಿತ್ತು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮತ್ತೆ ಮತ್ತೆ ನಿಲ್ದಾಣಕ್ಕೆ ಹೋಗಿ ಮಕ್ತಲ್ ಕಡೆಯಿಂದ ಬಂದವರನ್ನು ಸುದ್ದಿ ಕೇಳುತ್ತಿದ್ದೆ. ದೇಶದ ಸುದ್ದಿಯೆಲ್ಲ ನನಗೇ ಕಾದಿದೆಯೇನೋ ಎಂಬಂತೆ. ನಿನ್ನೆಯವರೆಗೆ ನಾವು ನಿಜಾಮನ ಕಡೆಯ ರಜಾಕಾರರಿಗೆ ಹೆದರಿದ್ದೆವು. ಈಗ ಹೆದರಿಕೆ ಮುಸಲ್ಮಾನರ ಮನೆಗಳಿಗೆ ದಾಟಿತ್ತು.

ಪಕ್ಕದ ಮನೆ ಖಾಸಿಂಬಿಯದು. ಗಂಡ ಊರಿನ ಸರ್ಕಾರಿ ಕಚೇರಿಯ ಜವಾನ, ಯಾರ ಮೇಲೂ ಕೈಯೆತ್ತಿದವನಲ್ಲ. ಒಂದು ಬೆಳಗ್ಗೆ ಇಬ್ಬರೂ ಗದ್ವಾಲದ ನೆಂಟರ ಮನೆಗೆ ಹೊರಟರು. ಅವಳು ಮನೆಯ ಮಾತನ್ನೇ ಎತ್ತಲಿಲ್ಲ. "ಅಕ್ಕಾ, ಬದ್ನಿಗಿ ಒಂದೀಟು ನೀರ್ ಹಾಕ್ರಿ," ಎಂದಳು, ಅಷ್ಟೇ.

ಬೀಗ ಬಿದ್ದ ಮನೆಗಳ ಮೇಲೆ ಕೆಲವರ ಕಣ್ಣಿತ್ತು. ಬಾಗಿಲ ಮುಂದೆ ಕಸ ಸೇರಿ ಹಿತ್ತಲು ಒಣಗಿತೆಂದರೆ, ಸ್ವಲ್ಪ ದಿನಕ್ಕೇ ಅಲ್ಲಿ ಬೇರೆಯವರ ಒಲೆ ಹೊಗೆಯಾಡುತ್ತಿತ್ತು. ಇದನ್ನು ದೊಡ್ಡವ್ವ ನನಗಿಂತ ಮೊದಲೇ ಗಮನಿಸಿದ್ದಳು. ದಿನವೂ ಆ ಹಿತ್ತಲಿಗೂ ನೀರು ಹಾಕಿ, ಅವರ ಬಾಗಿಲನ್ನೂ ಗುಡಿಸಿ ಬರುತ್ತಿದ್ದಳು.

ಒಂದು ದಿನ ಹಾಸು ತೀಡುತ್ತಿರುವಾಗಲೇ ಕೋಸಗಿ ಕಡೆಯವರಿಬ್ಬರು ಬಂದು ಖಾಸಿಂಬಿಯ ಬೀಗ ಅಲ್ಲಾಡಿಸಿ ನೋಡಿದರು. ದೊಡ್ಡವ್ವ ಕುಂಚ ಇಟ್ಟು ನಡೆದಳು.

"ಏ, ಹಾಸು ಒಣಗಾಕತ್ತೈತಿ. ಎಲ್ಲಿಗಿ ಹೊಂಟಿ?" ದೊಡ್ಡಪ್ಪ ಕೂಗಿದ. ಅವಳು ಆಗಲೇ ಖಾಸಿಂಬಿಯ ಬಾಗಿಲಲ್ಲಿದ್ದಳು.

"ಅವ್ವಾ, ಈ ಮನಿ ಖಾಲಿ ಬಿದ್ದೈತಂತಲ್ಲ?" ಎಂದ ಬಂದವರಲ್ಲಿ ಒಬ್ಬ.

"ಯಾರಂದ್ರು? ಹಿತ್ತಲದಾಗ ಬದ್ನಿಕಾಯಿ ಜೋತು ಬಿದ್ದಾವ, ನೋಡ್ ಬರ್ರಿ."

"ಮತ್ತ ಮಂದಿ ಎಲ್ಲಿ?"

"ನೆಂಟರ ಮನಿಗಿ ಹೋಗ್ಯಾರ. ನೀವು ನೆಂಟರ ಮನಿಗಿ ಹೋದ್ರ ನಿಮ್ಮ ಮನಿ ಖಾಲಿ ಅಂತಾರೇನ್ರಿ?"

ಹಿತ್ತಲಿಗೆ ಹೋಗಿ ಒಂದಿಷ್ಟು ಬದನೆ ಕಿತ್ತು ತಂದು ಅವನ ಹೆಗಲ ಮೇಲಿನ ವಲ್ಲಿಗೆ ಹಾಕಿದಳು. "ಎಣ್ಣಿಗಾಯಿ ಮಾಡಿಸ್ಕೋರಿ. ಮನಿಯಾಕಿ ಬಂದಮ್ಯಾಲ ನೀವ್ ಒಯ್ದೀರಂತ ಹೇಳ್ತೀನಿ."

ಅವರು ಮುಖ ಮುಖ ನೋಡಿಕೊಂಡು ಹೋದರು. ಇತ್ತ ಹಾಸು ಅಂಟಿ ಹಗ್ಗವಾಗಿತ್ತು. ಸಂಜೆಯವರೆಗೆ ಎಳೆ ಬಿಡಿಸುತ್ತ ದೊಡ್ಡಪ್ಪ ಒಂದೇ ಮಾತಾಡಿದ: "ಇನ್ನ ಬದ್ನಿಕಾಯಿನ ಉಟ್ಕೊಂಡ್ ಅಡ್ಡಾಡು." ಮರುದಿನ ನಾವು ಏಳುವ ಮೊದಲೇ ಆ ಹಿತ್ತಲಿಗೆ ನೀರು ಬಿದ್ದಿತ್ತು. ದೊಡ್ಡಪ್ಪನ ಧೋತರದ ಅಂಚು ಒದ್ದೆಯಾಗಿತ್ತು.

ಚಳಿ ಬೀಳುವ ಹೊತ್ತಿಗೆ ಖಾಸಿಂಬಿ ಗಂಡನೊಡನೆ ಬಂದಳು. ಗಂಟು ಇಳಿಸದೆ ನೇರ ಹಿತ್ತಲಿಗೆ ಹೋಗಿ ಮಣ್ಣು ಮುಟ್ಟಿದಳು.

"ಏನಕ್ಕಾ, ಇಷ್ಟ್ ನೀರಾ? ಬೇರ ಕೊಳಿಯಾಕತ್ತಾವ."

"ಹಂಗಾದ್ರ ನೀನ ಹಾಕ್ಕೋ. ನನಗ ಕಂಡಿಕಿ ಸುತ್ತೂದೈತಿ," ಎನ್ನುತ್ತಲೇ ದೊಡ್ಡವ್ವ ಅವಳ ಪಕ್ಕದಲ್ಲೇ ಕುಳಿತುಬಿಟ್ಟಳು.

ಇವತ್ತು ಪತ್ರಿಕೆಯ ಕಚೇರಿ ತಲುಪಿದ್ದು ತಡವಾಗಿಯೇ. ಗಲಾಟೆಗೆ ಹೆದರಿ ಜನ ಊರು ಬಿಟ್ಟ ಬಗ್ಗೆ ಒಂದು ವರದಿ ಮೇಜಿನ ಮೇಲಿತ್ತು. ಓಣಿಯ ಮನೆಗಳು ಖಾಲಿ ಬಿದ್ದಿವೆ ಎಂದಿತ್ತು. ವರದಿಗಾರನನ್ನು ಕರೆದೆ.

"ಹಿತ್ತಲ ಕಡೆ ಹೋಗಿ ನೋಡಿದಿರಾ?"

"ಇಲ್ಲ ಸಾರ್. ಬೀಗ ಇತ್ತು."

ಅಚ್ಚಿನವರು ಪುಟಕ್ಕೆ ಅವಸರ ಮಾಡುತ್ತಿದ್ದರು. ನಿಂತೇ 'ಖಾಲಿ ಬಿದ್ದಿವೆ' ಎಂಬುದನ್ನು ಹೊಡೆದುಹಾಕಿ, 'ಮನೆಯವರು ಬೀಗ ಹಾಕಿಕೊಂಡು ಹೋಗಿದ್ದಾರೆ' ಎಂದು ಬರೆದು ಕಳಿಸಿದೆ.