ಬಾಸಿಂಗ ಕಟ್ಟಿಕೊಂಡು ಬರೆದ ಪರೀಕ್ಷೆ

1982ನೇ ಇಸವಿ ಏಪ್ರಿಲ್ 29, ಗುರುವಾರ, ಸಂಜೆ ನಾಲ್ಕೂ ಇಪ್ಪತ್ತು. ಕಾಲೇಜಿನಿಂದ ಬಂದ ಅಕ್ಕ ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ನಿಂತು, "ಕೊನೇ ಪೇಪರ್ ಮುಂದಕ್ಕೆ ಹೋಯ್ತು. ಮೇ ಹದಿಮೂರಕ್ಕೆ" ಎಂದಳು. ಮೇ ಹದಿಮೂರು ಅವಳ ಮದುವೆ.

ಮದುವೆಯನ್ನು ಮುಂದಕ್ಕೆ ಹಾಕುವಂತಿರಲಿಲ್ಲ. ಲಗ್ನಪತ್ರಿಕೆ ಹಂಚಿ ಆಗಿತ್ತು. ಗಾಂಧಿ ಬಜಾರಿನ ಹತ್ತಿರ ಛತ್ರ ಗೊತ್ತು ಮಾಡಿದ್ದೆವು. ಭೋಪಾಲದಲ್ಲಿ ಕೆಲಸದಲ್ಲಿದ್ದ ಭಾವನಿಗೆ ಸಿಕ್ಕಿದ್ದೇ ಹತ್ತು ದಿನದ ರಜೆ. ಇನ್ನು ಪರೀಕ್ಷೆ ಬಿಟ್ಟರೆ ಅಕ್ಕನ ಬಿ.ಕಾಂ. ಅರ್ಧಕ್ಕೆ ನಿಲ್ಲುತ್ತಿತ್ತು. ಮದುವೆಯಾಗಿ ಅಷ್ಟು ದೂರ ಹೋದವಳು ಒಂದು ಪೇಪರಿಗಾಗಿ ಮತ್ತೆ ಬೆಂಗಳೂರಿಗೆ ಬಂದು ಕೂರುತ್ತಾಳೆಂದು ನಮ್ಮಲ್ಲಿ ಯಾರೂ ನಂಬಲಿಲ್ಲ, ಅವಳೂ ನಂಬಲಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಡಿಗ್ರಿಯವರೆಗೆ ಹೋಗಿದ್ದವಳು ಅವಳೊಬ್ಬಳೇ.

ಮುಹೂರ್ತ ಬೆಳಗ್ಗೆ ಏಳೂವರೆಯಿಂದ ಎಂಟೂಕಾಲು. ಪರೀಕ್ಷೆ ಹತ್ತಕ್ಕೆ. ನನಗಾಗ ಹದಿನಾರು ವರ್ಷ. ಹಾಲು ತಂದ ಲೆಕ್ಕದಿಂದ ಹಿಡಿದು ಮಳೆ ಬಂದ ದಿನದವರೆಗೆ ಎಲ್ಲವನ್ನೂ ಡೈರಿಯಲ್ಲಿ ಗುರುತು ಹಾಕುವ ಅಭ್ಯಾಸ. "ಆಗತ್ತಕ್ಕ. ಎಲ್ಲ ಮೊದ್ಲೇ ಗೊತ್ತು ಮಾಡ್ಕೊಂಡ್ರೆ ಆಗತ್ತೆ" ಎಂದೆ. ಅವಳು ಆಗ ಚಪ್ಪಲಿ ಬಿಟ್ಟಳು.

ಮರುದಿನ ಅಪ್ಪ ನನ್ನನ್ನೂ ಕರೆದುಕೊಂಡು ಮಲ್ಲೇಶ್ವರದ ಬೀಗರ ಮನೆಗೆ ಹೋದರು. ವಿಷಯ ಹೇಳುವ ಮೊದಲು ಎರಡು ಸಲ ನೀರು ಕುಡಿದರು. ಭಾವನ ತಾಯಿ ಕೇಳಿಸಿಕೊಂಡು ನಕ್ಕುಬಿಟ್ಟರು.

"ಓದೋ ಹುಡುಗೀನ ತಾನೇ ಬೀಗರೇ ನಾವು ಒಪ್ಪಿದ್ದು? ಬರೀಲಿ ಬಿಡಿ. ನನ್ ಮಗ ಮೂರ್ ಗಂಟೆ ಒಬ್ನೇ ಹಸೆ ಮೇಲೆ ಕೂತ್ರೆ ಸವೆದ್ ಹೋಗ್ತಾನಾ?" ಆಮೇಲೆ ಬೆರಳೆತ್ತಿ, "ಭೂಮದ ಊಟ ಮಾತ್ರ ಇಬ್ರೂ ಒಂದೇ ಎಲೇಲಿ ಮಾಡ್ಬೇಕು. ಅವಳು ಬರೋ ತನಕ ಅವನಿಗೂ ಊಟ ಇಲ್ಲ" ಎಂದರು.

ತೊಂದರೆ ಬಂದದ್ದು ನಮ್ಮ ಮನೆಯೊಳಗೇ. ಅಜ್ಜಿ ಚಾಪೆಯ ಮೇಲೆ ಎದ್ದು ಕೂತಳು. "ಬಾಸಿಂಗ ಕಟ್ಟಿದ ಹೆಣ್ಣು ಒಂಟಿಯಾಗಿ ಹೊಸ್ಲು ದಾಟೋ ಹಾಗಿಲ್ಲ."

"ಒಂಟಿಯಾಗಿ ತಾನೇ ಬೇಡ?" ಎಂದೆ. "ಕಳಸಗಿತ್ತಿ ಜೊತೇಲಿದ್ರೆ?"

ಮದುಮಗಳ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲುವ ತಂಗಿಯೇ ಕಳಸಗಿತ್ತಿ. ಈ ಮದುವೆಯಲ್ಲಿ ಅದು ನಾನೇ. ಅಜ್ಜಿ ಬೆರಳು ಮಡಿಸಿ ಎಣಿಸಿದಳು. "ಕಳಸ ಕೆಳಗಿಡಬಾರ್ದು. ಬಾಸಿಂಗ ಬಿಚ್ಚಬಾರ್ದು. ಮಿಕ್ಕಿದ್ದು ನಾನ್ ನೋಡ್ಕೋತೀನಿ" ಎಂದಳು. ಮಿಕ್ಕಿದ್ದು ಏನೆಂದು ನಾವು ಕೇಳಲಿಲ್ಲ.

ಅಂದಿನಿಂದ ಸಿದ್ಧತೆ ಶುರುವಾಯಿತು. ಮೊಗ್ಗಿನ ಜಡೆಗೆ ಬಹಳ ಹೊತ್ತು ಹಿಡಿಯುವುದರಿಂದ ಅದನ್ನು ಸಂಜೆಯ ಆರತಕ್ಷತೆಗೆ ಇಟ್ಟುಕೊಂಡೆವು. ಗೋರಂಟಿಯನ್ನು ಬಲಗೈ ಬೆರಳು ಬಿಟ್ಟು ಹಚ್ಚುವುದೆಂದಾಯಿತು. ಪುರೋಹಿತರಿಗೆ ವಿಷಯ ಹೇಳಿದಾಗ, "ಮಂತ್ರ ಬಿಡಲ್ಲಮ್ಮ, ಮಧ್ಯದ ಮಾತು ಬಿಡ್ತೀನಿ" ಎಂದು ಒಪ್ಪಿದರು. ಅಕ್ಕ ಕೈತುಂಬ ಗಾಜಿನ ಬಳೆ ತೊಟ್ಟು ಬರೆಯುವುದನ್ನು ಅಭ್ಯಾಸ ಮಾಡಿದಳು. ಸದ್ದು ತಡೆಯಲಾರದೆ, ಕೊನೆಗೆ ಬಳೆಗಳ ಮೇಲೆ ಕರ್ಚೀಫು ಕಟ್ಟುವುದೆಂದು ತೀರ್ಮಾನಿಸಿದೆವು.

ಮದುವೆಗೆ ಒಂದು ವಾರ ಮೊದಲು, ಗುರುವಾರವೇ, ಬೆಳಗಿನ ಅದೇ ಹೊತ್ತಿಗೆ, ಅಪ್ಪನೂ ನಾನೂ ಛತ್ರದ ಬಾಗಿಲಿನಿಂದ ಆಟೋ ಹತ್ತಿ ಪರೀಕ್ಷೆಯ ಕಾಲೇಜಿಗೆ ಹೋಗಿ ನೋಡಿದೆವು. ಮಾರ್ಕೆಟ್ ಮುಂದೆ ಹೂವಿನ ಮೂಟೆ ಇಳಿಸುತ್ತಿದ್ದರು, ಆಟೋ ಅಲುಗಾಡಲಿಲ್ಲ. ಚಾಮರಾಜಪೇಟೆಯ ಒಳರಸ್ತೆಗಳಲ್ಲಿ ಸುತ್ತಿ ಹೋದರೆ ಇಪ್ಪತ್ತೆರಡು ನಿಮಿಷ. ಅದನ್ನೇ ಗಟ್ಟಿ ಮಾಡಿಕೊಂಡೆವು. ಒಂದು ಆಟೋ ಕೆಟ್ಟರೆ ಇರಲಿ ಎಂದು ಎರಡು ಆಟೋಗೆ ಹೇಳಿದೆವು.

ಅರಿಶಿನದ ಶಾಸ್ತ್ರದ ದಿನ ಮುತ್ತೈದೆಯರು ಅಕ್ಕನಿಗೆ ಅರಿಶಿನ ಹಚ್ಚುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಆದಾಯ ತೆರಿಗೆಯ ಪ್ರಶ್ನೆ ಓದುತ್ತಿದ್ದೆ. "ಸಂಬಳದ ಮೇಲಿನ ವಿನಾಯಿತಿ ಯಾವುವು?" ಎಂದರೆ ಅಕ್ಕ ಮುಚ್ಚಿದ ಕಣ್ಣು ತೆರೆಯದೆ ಉತ್ತರ ಹೇಳುತ್ತಿದ್ದಳು. ಚಿಕ್ಕಮ್ಮ ಅವಳ ಕೆನ್ನೆಗೆ ಇನ್ನಷ್ಟು ಬಳಿದು, "ಪಾಪ ಕಣೇ ನಿನ್ ಗಂಡ! ಮೊದಲ್ನೇ ತಿಂಗಳೇ ಲೆಕ್ಕ ಕೇಳ್ತೀಯ" ಎಂದಳು. ಆ ನೋಟ್ಸಿನ ಹಾಳೆಗಳೆಲ್ಲ ಹಳದಿಯಾದವು.

ಮದುವೆಯ ದಿನ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಧಾರೆ ಆಯಿತು, ಮಾಂಗಲ್ಯ ಆಯಿತು, ಸಪ್ತಪದಿ ಆಯಿತು. ಎಂಟು ಐವತ್ತಕ್ಕೆ ಪುರೋಹಿತರು ನನ್ನ ಕಡೆ ನೋಡಿ ತಲೆಯಾಡಿಸಿದರು. ಧಾರೆ ಸೀರೆಯಲ್ಲೇ ಅಕ್ಕ ಎದ್ದಳು. ಭಾವ ಮೆಲ್ಲಗೆ "ಪೆನ್ನಿದೆಯಾ?" ಎಂದು ಕೇಳಿದರು. ಮದುವೆಯಾದ ಮೇಲೆ ಅವರು ಅವಳೊಡನೆ ಆಡಿದ ಮೊದಲ ಮಾತು ಅದು.

ಹೊಸ್ತಿಲು ದಾಟಿ ಅಪ್ಪನ ಜೊತೆ ಆಟೋ ಹತ್ತಿದೆವೋ ಇಲ್ಲವೋ, ಓಲಗ ಶುರುವಾಯಿತು. ನಾಗಸ್ವರದವರು ಮುಂದೆ, ಡೋಲಿನವರು ಹಿಂದೆ, ಆಟೋಗೆ ಅಡ್ಡವಾಗಿ ಮೆರವಣಿಗೆಯ ಹೆಜ್ಜೆ ಹಾಕತೊಡಗಿದರು. ಬೀದಿಯ ಜನ ನಿಂತು ನೋಡಿದರು. ಹೂವಿನವಳೊಬ್ಬಳು ತಾನೂ ಜೊತೆಗೆ ನಡೆದಳು.

"ಅಜ್ಜಿ! ನಾನು ಪರೀಕ್ಷೆಗೆ ಹೋಗ್ತಿರೋದು!" ಅಕ್ಕ ಆಟೋದಿಂದ ಕೂಗಿದಳು.

ಅಜ್ಜಿ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಎಲ್ಲಿಗಾದ್ರೂ ಹೋಗು. ಮದುಮಗಳು ಹೊಸ್ಲು ದಾಟಿದ್ರೆ ಓಲಗ ಇರ್ಬೇಕು. ಮೊನ್ನೇನೇ ಹೇಳಿಟ್ಟಿದೀನಿ ಅವರಿಗೆ."

ಅವಳು ನೋಡಿಕೊಳ್ಳುತ್ತೇನೆಂದ ಮಿಕ್ಕಿದ್ದು ಇದು. ನಾಗಸ್ವರದವರನ್ನು ಕೇಳಿದರೆ, "ಕಾಲೇಜ್ ಬಾಗಿಲವರೆಗೂ ಬಿಡ್ಬೇಡಿ ಅಂದಿದಾರಮ್ಮ ಅಜ್ಜಮ್ಮೋರು" ಎಂದರು. ಗಾಂಧಿ ಬಜಾರ್ ತುದಿ ಮುಟ್ಟುವ ಹೊತ್ತಿಗೆ ಒಂಬತ್ತೂಕಾಲು ದಾಟಿತ್ತು. ಅಕ್ಕನ ಕಣ್ಣಲ್ಲಿ ನೀರು ಬಂತು. ಆಗ ಅಪ್ಪ ಹಿಂದೆ ಖಾಲಿ ಬರುತ್ತಿದ್ದ ಎರಡನೇ ಆಟೋ ನಿಲ್ಲಿಸಿ, "ಹತ್ರೀ ಸ್ವಾಮಿ, ಅದರಲ್ಲೇ ಕೂತು ಊದ್ರೀ!" ಎಂದರು. ಡೋಲು ಡ್ರೈವರ್ ಪಕ್ಕ ಕೂತಿತು, ನಾಗಸ್ವರದ ತುದಿ ಹೊರಗೆ ಚಾಚಿತು. ಚಾಮರಾಜಪೇಟೆಯ ಒಳರಸ್ತೆಗಳಲ್ಲಿ ಪೂರ್ತಿ ವೇಗದಲ್ಲಿ ಓಲಗ ಹೋಯಿತು, ಅದರ ಹಿಂದೆ ನಾವು. ಅಕ್ಕ ಕಣ್ಣೊರೆಸಿಕೊಂಡು ನಗತೊಡಗಿದಳು. ನಗು ಕಾಲೇಜು ಬರುವವರೆಗೂ ನಿಲ್ಲಲಿಲ್ಲ.

ಗೇಟಿನ ಹತ್ತಿರ ಒಂಬತ್ತು ನಲವತ್ತೆರಡು. ಹುಡುಗಿಯರೆಲ್ಲ ಕಾಂಪೌಂಡಿಗೆ ಓಡಿಬಂದರು. ಅಪ್ಪ ಓಲಗದವರನ್ನು ಕರೆದುಕೊಂಡು ಛತ್ರಕ್ಕೆ ವಾಪಸಾದರು. ಹಾಲ್ ಬಾಗಿಲಲ್ಲಿದ್ದ ಮೇಲ್ವಿಚಾರಕಿ ಬಾಸಿಂಗ ನೋಡಿ, "ಇದನ್ನ ಬಿಚ್ಚಬಹುದೇನಮ್ಮ?" ಎಂದರು.

"ಬಿಚ್ಚಬಾರ್ದು ಮೇಡಂ" ಎಂದೆ ನಾನು.

"ನೀನ್ಯಾರು?"

"ಕಳಸಗಿತ್ತಿ."

ಅವರು ಗಂಭೀರವಾಗಿ ಕಳಸದೊಳಗೆ ಬಗ್ಗಿ ನೋಡಿದರು. "ಚೀಟಿ ಏನಾದ್ರೂ ಇಟ್ಟಿದೀಯಾ?" ವೀಳ್ಯದೆಲೆಯನ್ನೂ ಎತ್ತಿ ನೋಡಿ, ನೀರು ಬಿಟ್ಟು ಬೇರೇನೂ ಇಲ್ಲವೆಂದು ಖಚಿತ ಮಾಡಿಕೊಂಡು, ಹೊರಗೆ ನನಗೊಂದು ಕುರ್ಚಿ ಹಾಕಿಸಿದರು. ಕಳಸ ಕೆಳಗಿಡದೆ ಮೂರು ಗಂಟೆ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಿಟಕಿಯಿಂದ ಅಕ್ಕನ ಬಾಸಿಂಗ ಕಾಣುತ್ತಿತ್ತು. ಅವಳು ಪುಟ ತಿರುಗಿಸಿದಾಗಲೆಲ್ಲ ಅದು ಅಲ್ಲಾಡುತ್ತಿತ್ತು. ನಾಲ್ಕು ಸಲ ಹೆಚ್ಚುವರಿ ಹಾಳೆ ಕೇಳಿದಳು.

ಒಂದು ಗಂಟೆಗೆ ಬೆಲ್ಲಾಯಿತು. ಅಕ್ಕ ಕೊನೆಯವಳಾಗಿ ಹೊರಬಂದಳು. ಅಷ್ಟರಲ್ಲಿ ಮೊದಲು ಹೊರಬಂದಿದ್ದ ಹುಡುಗಿಯರು ಮೆಟ್ಟಿಲ ಎರಡೂ ಬದಿ ಸಾಲಾಗಿ ನಿಂತಿದ್ದರು. ಅವರ ಮುಷ್ಟಿಗಳಲ್ಲಿ ಅಕ್ಷತೆ. ಅರಿಶಿನದ, ತುಪ್ಪದ ವಾಸನೆಯಿನ್ನೂ ಇದ್ದ, ಆಗಷ್ಟೇ ಕಲಸಿದ ಅಕ್ಷತೆ. ಅಕ್ಕನ ಮೇಲೂ ನನ್ನ ಮೇಲೂ ಸುರಿದರು. ಮೇಲ್ವಿಚಾರಕಿಯೂ ಉತ್ತರಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಒಂದು ಹಿಡಿ ಹಾಕಿದರು.

ಛತ್ರದಲ್ಲಿ ಭಾವ ಹಸಿದು ಕೂತಿದ್ದರು. "ಎಲ್ಲಾ ಬರೆದ್ಯಾ?" ಎಂದರು. "ಒಂದೂ ಬಿಡ್ಲಿಲ್ಲ" ಎಂದು ಅಕ್ಕ ಎಲೆಯ ಮುಂದೆ ಕೂತಳು. ಫಲಿತಾಂಶ ಬಂದಾಗ ಅವಳು ಭೋಪಾಲದಲ್ಲಿದ್ದಳು. ಅಪ್ಪ ತಂತಿ ಕಳಿಸಿದರು. ಅಜ್ಜಿ ಮಾತ್ರ ಕೊನೆಯವರೆಗೂ, ಓಲಗವಿಲ್ಲದಿದ್ದರೆ ಪಾಸಾಗುತ್ತಿರಲಿಲ್ಲ ಎನ್ನುತ್ತಿದ್ದಳು.

ಆ ಹುಡುಗಿಯರೆಲ್ಲ ಮೂರು ಗಂಟೆ ಹಾಲ್‌ನೊಳಗೇ ಬರೆಯುತ್ತಿದ್ದರು. ಹಾಗಿದ್ದರೆ ಅಕ್ಕಿ, ಅರಿಶಿನ, ತುಪ್ಪ ತಂದು ಅಷ್ಟು ಮಂದಿಗೆ ಅಕ್ಷತೆ ಕಲಸಿದವರು ಯಾರು? ಅಕ್ಕನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಾಲ್‌ನ ಕಿಟಕಿಗೆ ಮುಖ, ಗೇಟಿಗೆ ಬೆನ್ನು ಮಾಡಿ ಕೂತಿದ್ದ ನಾನು ಯಾರೂ ಹೋಗಿ ಬಂದದ್ದನ್ನು ಕಾಣಲಿಲ್ಲ. ಅಂದು ಆ ಹಾಲ್‌ನಲ್ಲಿ ಬರೆದವರೋ, ಆ ಕಾಲೇಜಿನಲ್ಲಿ ಕೆಲಸಕ್ಕಿದ್ದವರೋ ಇದನ್ನು ಓದಿದರೆ ದಯವಿಟ್ಟು ಎರಡು ಸಾಲು ಬರೆದು ತಿಳಿಸಿ. ಅಕ್ಕ ಅವರನ್ನು ಮನೆಗೆ ಊಟಕ್ಕೆ ಕರೆಯಬೇಕೆಂದಿದ್ದಾಳೆ.