ಎಕ್ಕಂಬಿಯಿಂದ ಬಂದ ಕೇಕು

ಶಿರಸಿಯ ನಮ್ಮ ಪಕ್ಕದ ಮನೆಯಾಕೆಯನ್ನು ನಾವು ಚಿಕ್ಕಿ ಎನ್ನುತ್ತಿದ್ದೆವು. ಅವಳು ಸೈಬರ್ ಕೆಫೆಗೆ ಹೋಗುತ್ತಿದ್ದುದು ಅಡುಗೆಯ ಮಾತಾಡುವುದಕ್ಕೆ. ಇಂಟರ್ನೆಟ್ಟಿನ ಆ ಗುಂಪಿನಲ್ಲಿ ಯಾರ ಕೇಕು ಕುಸಿದರೂ ಅವಳದು ಒಂದೇ ಉತ್ತರ: "ಮಧ್ಯೆ ಕುಕ್ಕರ್ ಮುಚ್ಚಳ ತೆಗೀಬೇಡಿ." ಕೇಕು ಬೆಂದಿದೆಯೇ ಎಂದು ನೋಡುವವಳಂತೆ ಕೀಬೋರ್ಡಿನ ಒಂದೊಂದೇ ಕೀಲಿಯನ್ನು ತೋರುಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದಳು.

ಗುಂಪಿನ ಗೆಳತಿಯೊಬ್ಬಳು ಇಲ್ಲೇ ಎಕ್ಕಂಬಿಯವಳೆಂದು ತಿಳಿದಾಗ ಚಿಕ್ಕಿ ಹಿಗ್ಗಿ ಹೋದಳು, ಮನೆಗೆ ಕರೆದಳು. ಗೆಳತಿ ಇವಳು ಹೇಳಿಕೊಟ್ಟಂತೆಯೇ ಕುಕ್ಕರಿನಲ್ಲಿ ಮೊಟ್ಟೆಯಿಲ್ಲದ ಕೇಕು ಬೇಯಿಸಿ ಡಬ್ಬಿಯಲ್ಲಿ ತಂದಳು. ನಾನೂ ಅಲ್ಲಿದ್ದೆ. ಮಾತಿನ ನಡುವೆ ಅವಳ ಜಾತಿ ಬೇರೆಯೆಂದು ಚಿಕ್ಕಿಗೆ ತಿಳಿಯಿತು.

"ಇವತ್ತು ನನಗೆ ಉಪವಾಸ," ಎಂದಳು ಚಿಕ್ಕಿ, ನಗುತ್ತಲೇ.

ಒಳಗಿನಿಂದ ಒಗ್ಗರಣೆಯ ಪರಿಮಳ ಬರುತ್ತಿತ್ತು. ಗೆಳತಿ ಡಬ್ಬಿಯ ಮುಚ್ಚಳ ಹಾಕಿ, ಅದನ್ನು ಅಲ್ಲೇ ಬಿಟ್ಟು ಬಸ್ಸಿಗೆ ಹೊರಟಳು.

ಅವಳು ಹೋದ ಮೇಲೆ ಚಿಕ್ಕಿ ಕೇಕನ್ನು ನನ್ನ ಮುಂದಿಟ್ಟಳು. ನಾನು ತಿನ್ನುವುದನ್ನೇ ನೋಡಿದಳು.

"ಹೇಂಗಾಜೇ? ಒಳಗೆ ಸರಿ ಬೆಂದಿದ್ದಾ?"

"ಹತ್ತಿ ಹಾಂಗಿದ್ದು ಚಿಕ್ಕಿ."

"ಹಂಗಾರೆ ಮಧ್ಯೆ ಮುಚ್ಚಳ ತೆಗದ್ದಿಲ್ಲೆ," ಎಂದಳು. ತೋರುಬೆರಳಿನಿಂದ ಕೇಕನ್ನು ಒತ್ತಿದಳು. ಆ ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದಳು. ಆಮೇಲೆ ಸೆರಗಿಗೆ ಒರೆಸಿಕೊಂಡಳು.