ಸಹಿ ಬಂದಿತ್ತು, ಮಂದಿ ಬಂದಿರಲಿಲ್ಲ

ನಮ್ಮ ಬ್ಯಾಂಕಿನ ಕಾರ್ಯದರ್ಶಿಗಳ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಚಿಕ್ಕವರಿದ್ದಾಗ ಕಬ್ಬಿನ ಗಾಣಕ್ಕೆ ಸಿಕ್ಕಿತ್ತಂತೆ. ನಿಯಮಾವಳಿ ಓದುವಾಗ ಆ ನೆಟ್ಟಗಿನ ಬೆರಳನ್ನೇ ಸಾಲಿನ ಕೆಳಗೆ ಹಿಡಿಯುತ್ತಿದ್ದರು. ಮನುಷ್ಯನೂ ಹಾಗೇ, ಬಗ್ಗುವವನಲ್ಲ ಎಂದು ನಾವು ನಿರ್ದೇಶಕರು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು.

ಹಾನಗಲ್ಲಿನ ಆ ಸಣ್ಣ ಸಹಕಾರಿ ಬ್ಯಾಂಕಿಗೆ ಆಗ ನಾನು ಅಧ್ಯಕ್ಷ. ಮನೆತನದ ಹೆಸರಿಗೆ ಸಿಕ್ಕ ಕುರ್ಚಿ, ಜೊತೆಗೆ ಸೊಕ್ಕು. ಸಾಲದ ಮಿತಿ ಏರಿಸುವ ಠರಾವು ವಾರ್ಷಿಕ ಸಭೆಯಲ್ಲಿ ಪಾಸಾಗಬೇಕಿತ್ತು. ಹತ್ತಿ ಗಿರಣಿ ಹಾಕಲಿದ್ದ ನನ್ನ ಭಾವಮೈದುನನಿಗೆ ದೊಡ್ಡ ಸಾಲ ಬೇಕಿತ್ತು. ಸಭೆಯ ಹಿಂದಿನ ದಿನವೇ ಹಾಜರಿ ಪುಸ್ತಕವನ್ನು ಮನೆಮನೆಗೆ ಕಳಿಸಿ ಸದಸ್ಯರ ಸಹಿ ಹಾಕಿಸಿದೆ. ನಮ್ಮ ಕಡೆ ಅದನ್ನು ಯಾರೂ ತಪ್ಪೆಂದುಕೊಳ್ಳುತ್ತಿರಲಿಲ್ಲ.

ಸಭೆಯ ದಿನ ಕಾರ್ಯದರ್ಶಿಗಳು ಪುಸ್ತಕ ನೋಡಿದರು, ಖಾಲಿ ಕುರ್ಚಿಗಳನ್ನು ನೋಡಿದರು.

“ಅಧ್ಯಕ್ಷರ, ಸಹಿ ಬಂದಾವ್ರಿ, ಮಂದಿ ಬಂದಿಲ್ಲ. ಸಭಾ ನಡಿಯಂಗಿಲ್ರಿ.”

ನನಗೆ ಮೈಯೆಲ್ಲ ಉರಿಯಿತು. “ನೌಕರಿ ಬ್ಯಾಡಾಗೇತೇನ್ರಿ?” ಎಂದೆ.

“ನೌಕರಿ ನಿಮ್ಮ ಕೈಯಾಗ ಐತ್ರಿ. ಬ್ಯಾಂಕ್ ನಿಮ್ದೂ ಅಲ್ಲ, ನಂದೂ ಅಲ್ಲ.”

ಸಭೆ ಮುಂದಕ್ಕೆ ಹೋಯಿತು. ಅವರು ಬಸ್ಸು ಹತ್ತಿ ಊರೂರು ತಿರುಗಿ, ನೂರು ಷೇರಿನವನಿಗೂ ಒಂದು ಷೇರಿನವಳಿಗೂ ಒಂದೇ ಮತ ಎಂದು ಹೇಳಿ ಸದಸ್ಯರನ್ನು ಕರೆದು ಬಂದರು. ಮುಂದಿನ ಸಭೆಗೆ ನಿಲ್ಲಲು ಜಾಗವಿರಲಿಲ್ಲ. ಚಿಕ್ಕೇರೂರಿನಿಂದ ಬಂದಿದ್ದ, ಒಂದೇ ಷೇರಿನ ಹೆಂಗಸೊಬ್ಬಳು ಎದ್ದು, “ಈ ಮಿತಿ ಯಾರ ಸಲುವಾಗಿ ಏರಸಾಕತ್ತೀರಿ?” ಎಂದಳು. ನಾನು ಮತಕ್ಕೆ ಹಾಕಿಸಿದೆ. ಠರಾವು ಬಿದ್ದುಹೋಯಿತು.

ಭಾವಮೈದುನ ಬೇರೊಂದು ಸೊಸೈಟಿಯಿಂದ ಸಾಲ ಎತ್ತಿದ. ಗಿರಣಿ ನಷ್ಟವಾಗಿ ಮುಚ್ಚಿತು, ಅಂಥವೇ ನಾಲ್ಕು ಸಾಲ ಕೊಟ್ಟಿದ್ದ ಆ ಸೊಸೈಟಿಯೂ ಮುಳುಗಿತು. ಸುದ್ದಿ ಹಬ್ಬಿ, ಠೇವಣಿ ವಾಪಸ್ ಪಡೆಯಲು ನಮ್ಮ ಬಾಗಿಲಿಗೂ ಜನ ಮುಗಿಬಿದ್ದರು. ಅದೇ ಹೆಂಗಸು ಮೆಟ್ಟಿಲ ಮೇಲೆ ನಿಂತು, “ನಾವು ಬ್ಯಾಡ ಅಂದ ಸಾಲ ಇಲ್ಲಿ ಕೊಟ್ಟಿಲ್ಲ. ನಾ ಸಭಾದಾಗ ಕುಂತು ನೋಡೇನಿ. ನಮ್ಮ ಬ್ಯಾಂಕ್ ನಾವ ಮುಳುಗಸೂದು ಬ್ಯಾಡ, ಮನೀಗೆ ನಡೀರಿ” ಎಂದು ಕೂಗಿದಳು. ಒಬ್ಬೊಬ್ಬರಾಗಿ ಹೊರಟರು.

ಕಾರ್ಯದರ್ಶಿಗಳು ಹೋದ ತಿಂಗಳು ಯಲವಿಗಿಯ ಮಗಳ ಮನೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿಬಂದ ಮೇಲೆ ನನಗೆ ಸರಿಯಾಗಿ ಊಟ ಸೇರಿಲ್ಲ.

ಬ್ಯಾಂಕ್ ಉಳಿಸಿದವರೆಂದು ಊರು ಸನ್ಮಾನ ಮಾಡಿದ್ದು ನನಗೆ. ಅಂದು ನಾನು ಶಾಲು ಹೊದ್ದು ಕೂತಿದ್ದೆ; ಅವರು ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಎದ್ದು ನಿಜ ಹೇಳಲು ಬಾಯಿ ಬರಲಿಲ್ಲ. ಈಗ ಹೇಳುತ್ತಿದ್ದೇನೆ: ಮುಳುಗಿಸಲು ಹೊರಟವನು ನಾನು, ತಡೆದವರು ಅವರು.